ಗೌರಕ್ಕನ ಒಂದು ತಾಸು

ಹರಳೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸುವಾಗ ಏಳುವ ವಾಸನೆಯನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲ. ಹಳೆಯ ದೀಪದ ಬತ್ತಿ, ಹುರಿದು ಕಪ್ಪಾದ ಶೇಂಗಾ, ಒದ್ದೆ ಗೋಣಿಚೀಲ ಇವು ಮೂರೂ ಒಂದೇ ಕೋಣೆಯಲ್ಲಿ ಜಗಳಕ್ಕೆ ಬಿದ್ದಂತಿರುತ್ತದೆ ಅದು. ಮೊನ್ನೆ ನನ್ನ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರಿದು, ನಾನು ಕುಂಟುವುದನ್ನು ನೋಡಿ ನೋಡಿ ಸಾಕಾದ ಹೆಂಡತಿ, ಕಬ್ಬಿಣದ ಸೌಟಿನಲ್ಲಿ ಎರಡು ಚಮಚ ಹರಳೆಣ್ಣೆ ಬಿಸಿ ಮಾಡಿ ಮುಂದೆ ಇಟ್ಟಳು. ಊರಿನವರ ನಡಿಗೆಯನ್ನೆಲ್ಲ ಅಣಕಿಸಿಕೊಂಡು ಬೆಳೆದವನಿಗೆ ಕೊನೆಗೆ ಯಾರಿಂದಲೂ ಅಣಕಿಸಲಾಗದಂಥ ಒಂದು ನಡಿಗೆ ಬಂದಿತ್ತು, ಅದರ ಸಂತೋಷದಲ್ಲಿ ನಾನಿದ್ದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಕೋಣೆಯಲ್ಲಿರಲಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ, ನಮ್ಮ ಮನೆಯ ಹಿತ್ತಲಿನ ಕಲ್ಲುಮೆಟ್ಟಿಲ ಮೇಲೆ, ಹನ್ನೊಂದು ವರ್ಷದವನಾಗಿ ಕೂತಿದ್ದೆ. ಅಕ್ಕ ಇವತ್ತು ತಲೆ ಬಾಚಿಕೊಂಡಿದ್ದಾಳೋ ಇಲ್ಲವೋ ಎಂದು ಕಳ್ಳನೋಟದಲ್ಲಿ ನೋಡುತ್ತಿದ್ದೆ.

ಆ ಮನೆಯ ಮುಂದಿನ ಅರ್ಧ ಅಪ್ಪನ ಅಂಗಡಿ, ಹಿಂದಿನ ಅರ್ಧ, ಅವ್ವ ತೀರಿಕೊಂಡ ಮೇಲೆ, ಅಜ್ಜಿಯ ರಾಜ್ಯ. ಮುಂದೆ ಮೆಣಸಿನಕಾಯಿ ಚೀಲಗಳು, ಬೆಲ್ಲದ ಪೆಂಟೆಗಳು, ಸೀನುವ ಹಮಾಲರು. ಹಿಂದೆ ಬಚ್ಚಲೊಲೆ, ದಾಸವಾಳದ ಗಿಡ, ಐದು ಮೆಟ್ಟಿಲು. ಹತ್ತಿಗಿರಣಿಯ ಸಿಳ್ಳು ಕೂಗಿದರೆ ಊರಿಗೇ ಬೆಳಗಾಗುತ್ತಿದ್ದ ಕಾಲ ಅದು. ನಯಾಪೈಸೆ ಹೊಸದಾಗಿ ಬಂದು, ಅಜ್ಜಿ ಅದನ್ನು ಅಂಗಿಯ ಗುಂಡಿ ಎಂದು ಕರೆದು ವಾಪಸ್ಸು ಕೊಡುತ್ತಿದ್ದ ದಿನಗಳು. ನನಗಿದ್ದ ವಿದ್ಯೆ ಒಂದೇ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿನಿಂದ ಬರುತ್ತಿತ್ತು. ಲೋಕಿಕೆರೆಯಿಂದ ಮೊಸರು ತರುತ್ತಿದ್ದ ಮುದುಕಿಯ ಗೊಗ್ಗರು ಕೂಗು, ಗಿರಾಕಿಯ ಮುಂದೆ ಅಪ್ಪನ ಸುಳ್ಳು ನಿಟ್ಟುಸಿರು, ಹೆಡ್ ಮಾಸ್ತರರ ಕೆಮ್ಮು ಎಲ್ಲವೂ ನನ್ನ ಬಳಿ ಇದ್ದವು. ಲೆಕ್ಕದಲ್ಲಿ ನಪಾಸಾದ ದಿನ ಮಾಸ್ತರರು ನನ್ನನ್ನು ಬೈದದ್ದನ್ನು ಅವರ ದನಿಯಲ್ಲೇ ಮನೆಯಲ್ಲಿ ಒಪ್ಪಿಸಿ, ಎಲ್ಲರನ್ನೂ ನಗಿಸಿ, ಪೆಟ್ಟು ತಪ್ಪಿಸಿಕೊಂಡವನು ನಾನು. ನಗಿಸಿದರೆ ಪೆಟ್ಟು ಬೀಳುವುದಿಲ್ಲ ಎಂಬುದೊಂದೇ ಅಂದಿನ ನನ್ನ ತತ್ವಜ್ಞಾನ. ಅದು ನಗಿಸಿದವನಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಗೊತ್ತಿರಲಿಲ್ಲ.

ಗೌರಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹರಿಹರಕ್ಕೆ ಕೊಟ್ಟಿದ್ದರು. ಮೊದಲನೆಯ ಮಗಳು ಕಮಲಿಗೆ ಮೂರು ತುಂಬುವಷ್ಟರಲ್ಲಿ ಎರಡನೆಯದು ಹುಟ್ಟಿ, ಇಪ್ಪತ್ತು ದಿನ ಇದ್ದು, ಹೋಯಿತು. ಆಮೇಲೆ ಅಕ್ಕ ಅಳಲಿಲ್ಲವಂತೆ. ಬಾಚಣಿಗೆ ಕೈಯಲ್ಲಿ ಹಿಡಿದು ಗೋಡೆಯ ಕಡೆ ಮುಖ ಮಾಡಿ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ, ಕಮಲಿ ಸೆರಗು ಜಗ್ಗಿದರೂ ತಿರುಗಲಿಲ್ಲ. ಒಂದು ತಿಂಗಳು ನೋಡಿ, ಆಕೆಯ ಅತ್ತೆ ನೀಲಮ್ಮನವರು ಮಗುವನ್ನು ತಮ್ಮ ಬಳಿ ಇಟ್ಟುಕೊಂಡು ಅಕ್ಕನನ್ನು ನಮ್ಮಲ್ಲಿಗೆ ಕಳಿಸಿದರು. 'ಹುಚ್ಚು' ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಆಡದಿದ್ದುದರಿಂದಲೇ ಅದು ಎಲ್ಲ ಕೋಣೆಗಳಲ್ಲೂ ಕೂತಿರುತ್ತಿತ್ತು. ಅಪ್ಪ ತಾಯತದ ಮಾತೆತ್ತಿದಾಗ ಅಜ್ಜಿ ಬಾಯಿ ಹಾಕಿದಳು. "ತಾಯತ ನಿನ್ ರಟ್ಟಿಗೆ ಕಟ್ಕ. ಕೂಸು ಕಳ್ಕಂಡಾಕಿಗೆ ದೆವ್ವ ಬ್ಯಾರೆ ಬೇಕೇನು? ಇಕಿನ್ನ ನಂಗೆ ಬಿಡು."

ಅಜ್ಜಿ ಮಾಡಿದ್ದು ಇಷ್ಟೇ. ದಿನದಲ್ಲಿ ಒಂದು ತಾಸನ್ನು ಅಕ್ಕನ ಹೆಸರಿಗೆ ಬರೆದುಕೊಟ್ಟಳು. ಲಿಂಗಪೂಜೆಯ ಹೊತ್ತು ಶಿವನ ಪಾಲು, ಅಡಿಗೆಯ ಹೊತ್ತು ಮನೆಯವರ ಪಾಲು, ಇದು ನಿನ್ನ ಪಾಲು ಎಂದಳು. ಗಿರಣಿಯ ಸಿಳ್ಳಿಗೆ ಎದ್ದು ತಣ್ಣೀರು ಕಣ್ಣಿಗೆ ಚಿಮುಕಿಸಿಕೊಳ್ಳಬೇಕು. ತಲೆಯನ್ನು ತಾನೇ ಬಾಚಿಕೊಳ್ಳಬೇಕು, ಬೇರೆಯವರು ಬಾಚಬಾರದು. ಎಳೆಬಿಸಿಲು ಮೂರನೆಯ ಮೆಟ್ಟಿಲಿಗೆ ಬಂದಾಗ ಬಂದು ಕೂತು, ಅದು ಐದನೆಯದಕ್ಕೆ ಇಳಿಯುವವರೆಗೂ ಕೈಯಲ್ಲಿ ಯಾವ ಕೆಲಸವನ್ನೂ ಹಿಡಿಯದೆ, ಬಿಸಿ ಹರಳೆಣ್ಣೆಯನ್ನು ಅಂಗಾಲಿಗೆ ತಿಕ್ಕಿಕೊಳ್ಳಬೇಕು. ತಿಕ್ಕುತ್ತ ಕಾಲಿನ ಜೊತೆ ಮಾತಾಡಬೇಕು. "ತಲೆಗೆ ಹೇಳಿದ್ರೆ ತಲೆ ಕೇಳಂಗಿಲ್ಲವ್ವ, ಅದು ಶ್ಯಾಣೇದು. ಕಾಲಿಗೆ ಹೇಳು. ಕಾಲು ಪಾಪದ್ದು, ಹೇಳಿದಂಗೆ ಕೇಳ್ತೈತೆ." ಆಮೇಲೆ ಒಳಗೆ ಕೊರೆಯುತ್ತಿರುವ ಒಂದು ಮಾತನ್ನು, ಎಷ್ಟು ಸಣ್ಣದಾದರೂ ಸರಿ, ಯಾರಿಗಾದರೂ ಬಾಯಿಬಿಟ್ಟು ಹೇಳಬೇಕು. ಕೇಳಿದವರು ಬುದ್ಧಿ ಹೇಳಬಾರದು, ಹೂಂ ಅನ್ನಬೇಕು, ಅಷ್ಟೇ. ಇದೆಲ್ಲ ಅಜ್ಜಿಗೆ ಯಾರು ಕಲಿಸಿದ್ದರೋ ತಿಳಿಯದು. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು ಆಕೆ. ತಾನು ಹೇಗೆ ಎದ್ದು ನಿಂತೆ ಎಂಬುದನ್ನು ನೆನಪು ಮಾಡಿಕೊಂಡಿದ್ದಳು ಅನ್ನಿಸುತ್ತದೆ.

ಮೊದಲ ವಾರ ಅಕ್ಕ ಮೆಟ್ಟಿಲವರೆಗೂ ಬರಲಿಲ್ಲ. ಎರಡನೆಯ ವಾರ ಬಂದಳು, ಮಾತಾಡಲಿಲ್ಲ. ಒಂದು ಬೆಳಿಗ್ಗೆ ತೀರ ಸಣ್ಣ ದನಿಯಲ್ಲಿ, "ನಿನ್ನೆ ಬಚ್ಚಲತಂಕ ಬಂದ್ರಿ. ಇವತ್ತು ದಾಸವಾಳದ ಗಿಡದತಂಕ ಬರ್ರಿ" ಎಂದಳು ಕಾಲುಗಳಿಗೆ. ಅಜ್ಜಿ ಬೆನ್ನು ತಿರುಗಿಸಿ ಒಲೆ ಊದಿದಳು. ಆ ದಿನ ಒಲೆ ತಾನಾಗಿಯೇ ಚೆನ್ನಾಗಿ ಉರಿಯುತ್ತಿತ್ತು. ಆರು ತಿಂಗಳಲ್ಲಿ ಅಕ್ಕ ರೊಟ್ಟಿ ತಟ್ಟತೊಡಗಿದಳು, ನನಗೆ ಬೈಯತೊಡಗಿದಳು. ಆದರೂ ದಿನಾ ಬೆಳಗಾದರೆ ಮನೆಯವರೆಲ್ಲರ ಕಣ್ಣು ಮೊದಲು ಆಕೆಯ ತಲೆಗೂದಲಿನ ಮೇಲೆ. ಬಾಚಿದ್ದರೆ ಅಪ್ಪನ ದನಿ ಅಂಗಡಿಯಲ್ಲಿ ಎತ್ತರಿಸುತ್ತಿತ್ತು. ಬಾಚದ ದಿನ ಹಮಾಲರೂ ಮೆಲ್ಲಗೆ ಸೀನುತ್ತಿದ್ದರು.

ಅಷ್ಟರಲ್ಲಿ ಹರಿಹರದಿಂದ ಸುದ್ದಿ ಬಂತು. ಭಾವನಿಗೆ ನಂದಿಗುಡಿ ಕಡೆಯ ಒಂದು ಹೆಣ್ಣು ತರುವ ಮಾತು ಅಲ್ಲಿ ನಡೆದಿದೆ, ಆದರೂ ಸೊಸೆ ಒಮ್ಮೆ ಎಂಟು ದಿನ ಬಂದಿರಲಿ, ಸರಿಯಾಗಿದ್ದರೆ ಇರುತ್ತಾಳೆ, ಇಲ್ಲದಿದ್ದರೆ ಮಗುವಿಗೆ ಬೇರೆ ತಾಯಿ ಬರುತ್ತಾಳೆ ಎಂದು. ಅಕ್ಕ ಕೇಳಿದ್ದು ಒಂದೇ ಮಾತು: "ಕಮಲಿಗೆ ನನ್ ಗುರ್ತು ಐತಂತೇನು?" ಜೊತೆಗೆ ಯಾರಾದರೂ ಹೋಗಬೇಕಲ್ಲ. ಅಜ್ಜಿ ಹೋದರೆ ಕಾವಲಿಗೆ ಬಂದಂತಾಗುತ್ತದೆ ಎಂದು ನನ್ನನ್ನು ಆರಿಸಿದರು. ಮನೆಯಲ್ಲಿ ಅತ್ಯಂತ ನಿರುಪಯೋಗಿ ನಾನೇ ಎಂಬುದರ ಬಗ್ಗೆ ಎರಡು ಅಭಿಪ್ರಾಯವಿರಲಿಲ್ಲ. ಹೊರಡುವಾಗ ಅಜ್ಜಿ ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದಳು. "ಅಕಿ ತಾಸು ಅಕಿಗೆ ತಪ್ಪಬಾರ್ದು. ನೀನು ಹೂಂ ಅನ್ನು, ಮತ್ತೇನೂ ಅನಬ್ಯಾಡ. ನಿನ್ ಬಾಯಿ ಎಂಟು ದಿನ ನನ್ ಹತ್ರ ಬಿಟ್ಟು ಹೋಗಾಕೆ ಬರತಿದ್ರೆ ಚೊಲೋ ಇತ್ತು."

ಶಿವರಾತ್ರಿ ಮುಗಿದು ಹದಿನೈದು ದಿನವಾಗಿತ್ತು. ಬೆಳಗಿನ ಚಳಿ ಇನ್ನೂ ಇತ್ತು. ಹರಿಹರದ ಮನೆಯ ಬಾಗಿಲಲ್ಲಿ ನೀಲಮ್ಮನವರು ನಿಂತಿದ್ದರು. ಎತ್ತರದ ಹೆಂಗಸು, ಮಂಡಿನೋವು, ಹಣೆತುಂಬ ವಿಭೂತಿ. ಅಕ್ಕನನ್ನು ತಲೆಯಿಂದ ಕಾಲಿನವರೆಗೂ, ಮತ್ತೆ ಕಾಲಿನಿಂದ ತಲೆಯವರೆಗೂ ನೋಡಿ, "ಬಾರವ್ವ, ಹೆಂಗದೀಯ?" ಎಂದರು. "ಚೆನ್ನಾಗದೀನ್ರಿ ಅತ್ತೇರೆ" ಎಂದಳು ಅಕ್ಕ. ಕಮಲಿ ತನ್ನ ಅಜ್ಜಿಯ ಸೀರೆಯ ಹಿಂದೆ ಅಡಗಿ, "ಅವ್ವಾ, ಯಾರು ಬಂದಾರೆ?" ಎಂದು ನೀಲಮ್ಮನವರನ್ನೇ ಕೇಳಿತು. ಮಗಳಿಗೆಂದು ತಂದ ಮಂಡಕ್ಕಿಯ ಗಂಟು ಅಕ್ಕನ ಕೈಯಲ್ಲಿ ಹಾಗೇ ಇತ್ತು. ಅದನ್ನು ನೆಲಕ್ಕಿಡುವುದೋ ಕೊಡುವುದೋ ತಿಳಿಯದೆ ಆಕೆ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಭಾವ ಒಳ್ಳೆಯವನೇ. ಆದರೆ ತಾಯಿ ಮಾತಾಡುವಾಗ ಕಂಬದ ಹಾಗೆ ನಿಲ್ಲುವ ಒಳ್ಳೆಯತನ ಅದು.

ಆ ಮನೆಯಲ್ಲಿ ಸೊಸೆಯ ಪಾಲಿನ ತಾಸು ಎಲ್ಲಿಂದ ಬರಬೇಕು? ಎಳೆಬಿಸಿಲು ಬೀಳುತ್ತಿದ್ದದ್ದು ಬೀದಿಯ ಕಡೆಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿ ಗಂಡಸರು ಕೂರುತ್ತಿದ್ದರು, ಸೊಸೆಯಂದಿರಲ್ಲ. ಅದಕ್ಕೇ ಅಕ್ಕ ನೀರಿನ ನೆಪ ಹೂಡಿದಳು. ಕೊಡ ಹೊತ್ತು, ಸೆರಗಿನಲ್ಲಿ ಎಣ್ಣೆಯ ಪುಟ್ಟ ಬಟ್ಟಲು ಮರೆಮಾಡಿಕೊಂಡು, ನನ್ನನ್ನು ಕರೆದುಕೊಂಡು ತುಂಗಭದ್ರೆಯ ಮೆಟ್ಟಿಲಿಗೆ ಹೋಗುತ್ತಿದ್ದಳು. ಆಕೆ ಒಂದು ಮೂಲೆಯಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕುವಾಗ ನಾನು ಮೇಲಿನ ಮೆಟ್ಟಿಲ ಮೇಲೆ ನಿಂತು ಪಹರೆ ಕಾಯುತ್ತಿದ್ದೆ. ಯಾರಾದರೂ ಬಂದರೆ ಕಾಗೆಯ ಹಾಗೆ ಕೂಗಬೇಕೆಂದು ಮಾತಾಗಿತ್ತು. ಮೊದಲ ದಿನ ನಾನು ಕೂಗಿದ್ದು ಎಷ್ಟು ಚೆನ್ನಾಗಿತ್ತೆಂದರೆ ನಿಜವಾದ ಕಾಗೆಗಳು ಬಂದು, ಮೆಟ್ಟಿಲ ಮೇಲಿದ್ದ ಒಬ್ಬರ ನೈವೇದ್ಯ ಎತ್ತಿಕೊಂಡು ಹೋದವು. ಅಕ್ಕ ನಕ್ಕಳು. ಬಂದಮೇಲೆ ಅದೇ ಮೊದಲ ನಗು. ಆಮೇಲೆ ನೀರು ನೋಡುತ್ತ ತನ್ನ ದಿನದ ಮಾತು ಹೇಳುತ್ತಿದ್ದಳು. "ಕಮಲಿ ನನ್ನ 'ಏ ಅಮ್ಮಾರೆ' ಅಂತ ಕರೀತಾಳೋ, ನೆಂಟ್ರಿಗೆ ಕರದಂಗೆ." ನಾನು ಹೂಂ ಎಂದೆ. ಮತ್ತೇನಾದರೂ ಹೇಳಬೇಕು ಅನ್ನಿಸಿದಾಗಲೆಲ್ಲ ನೀರಿಗೆ ಕಲ್ಲು ಎಸೆಯುತ್ತಿದ್ದೆ. ಮೂರನೆಯ ದಿನ ಕಮಲಿ ಅಕ್ಕನ ಅಂಗೈಯಿಂದ ಮಂಡಕ್ಕಿ ತಿಂದಿತು. ತಿಂದು, ಅಂಗೈಯನ್ನೂ ನೆಕ್ಕಿತು. ಆ ದಿನವೆಲ್ಲ ಅಕ್ಕ ಬಲಗೈಯನ್ನು ತೊಳೆದುಕೊಳ್ಳುವುದನ್ನು ಮುಂದೂಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಓಣಿಯ ಏಳೆಂಟು ಹೆಂಗಸರು ಶಾವಿಗೆ ಹೊಸೆಯಲು ಸೇರಿದ್ದರು. ಮಣೆಗಳ ಮೇಲೆ ಹಿಟ್ಟು ನೂಲಾಗಿ ಇಳಿಯುತ್ತಿತ್ತು. ಬೇಸರ ಕಳೆಯಲು ಯಾರೋ, "ದಾವಣಗೇರಿ ಹುಡುಗ ಮಂದಿ ದನಿ ತೆಗೀತಾನಂತಲ್ಲ" ಎಂದರು. ನನಗೆ ಅಷ್ಟೇ ಸಾಕಿತ್ತು. ಜಟಕಾದ ಸಾಬರು ಕುದುರೆಗೆ ಉರ್ದುವಿನಲ್ಲಿ ಮುದ್ದು ಮಾಡಿ ಕನ್ನಡದಲ್ಲಿ ಬೈಯುವುದನ್ನು ಮಾಡಿದೆ. ಗುಡಿಯ ಅರ್ಚಕರು ದಕ್ಷಿಣೆ ನೋಡಿ ಮಂತ್ರ ಉದ್ದ ಮಾಡುವುದನ್ನು ಮಾಡಿದೆ. ಧೈರ್ಯ ಮಾಡಿ ನೀಲಮ್ಮನವರ ಮಂಡಿನೋವಿನ ನಡಿಗೆಯನ್ನೂ ಮಾಡಿದೆ. ಅವರೇ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇನ್ನೊಂದು ಮಾಡೋ ತಮ್ಮಾ, ಇನ್ನೊಂದು" ಎಂದರು. ನನ್ನ ಬುಟ್ಟಿಯಲ್ಲಿ ಉಳಿದಿದ್ದದ್ದು ಒಂದೇ. ನಗುವಿನ ಅಮಲು ಸೇಂದಿಯದಕ್ಕಿಂತ ಕೆಟ್ಟದ್ದು, ಕುಡಿದವನಿಗೆ ಹೆಜ್ಜೆಯಾದರೂ ತಪ್ಪುತ್ತದೆ, ನನಗೆ ಅದೂ ತಪ್ಪಲಿಲ್ಲ. ನೇರವಾಗಿ ಹೋಗಿ ನಡುವೆ ಕೂತೆ. ಕಾಲು ಚಾಚಿದೆ. ಅಂಗಾಲನ್ನು ತಿಕ್ಕುತ್ತ, ಮೆಲುದನಿಯಲ್ಲಿ, "ನಿನ್ನೆ ಹೊಳೀತಂಕ ಬಂದ್ರಿ, ನಿಮಗೆ ಪುಣ್ಯ ಬರ್ಲಿ. ಇವತ್ತೂ ಬರ್ರಪ್ಪ, ನನ್ನ ನಡುವೆ ಕೈಬಿಡಬ್ಯಾಡ್ರಿ" ಎಂದೆ. ನಗು ಶುರುವಾಯಿತು, ಅರ್ಧಕ್ಕೆ ನಿಂತಿತು. ಅಣಕು ಚೆನ್ನಾಗಿತ್ತು, ಅದೇ ತಪ್ಪಾಯಿತು. ಎಲ್ಲರಿಗೂ ಅದು ಯಾರು ಎಂಬುದು ಗೊತ್ತಾಗಿತ್ತು. "ಇದು ಯಾರದೋ?" ಎಂದರು ನೀಲಮ್ಮನವರು. ನಾನು ಹೇಳಬೇಕಾದ ಅಗತ್ಯವಿರಲಿಲ್ಲ. ಅಕ್ಕನ ಮಣೆಯ ಮೇಲಿನ ಎಳೆ ತುಂಡಾಗಿ ನೆಲಕ್ಕೆ ಬಿತ್ತು. ಆಕೆ ಅದನ್ನು ಎತ್ತಿಕೊಂಡು, ಮತ್ತೆ ಹಿಟ್ಟಿಗೆ ಸೇರಿಸಿ ನಾದಿದಳು.

ಸಂಜೆ ದೀಪ ಹಚ್ಚುವಾಗ ನೀಲಮ್ಮನವರು ಅಡಿಗೆಮನೆಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಗದರಲಿಲ್ಲ. ಗದರಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಕಾಲಿನ ಜೊತೆ ಮಾತಾಡ್ತೀಯಂತೆ. ಮನ್ಯಾಗೆ ಮನುಷ್ಯರಿಲ್ಲೇನವ್ವ? ಇವತ್ತಿಗೆ ಬಿಡು ಅದನ್ನ. ನೀರಿಗೆ ನಾಳಿಂದ ಆಳು ಹೋಗ್ತಾನೆ. ಊರಾಗೆ ಮಾತು ಎದ್ರೆ ಆಮ್ಯಾಲೆ ನನ್ ಕೈಯಾಗೂ ಇರಂಗಿಲ್ಲ." ಅಕ್ಕ, "ಹೂಂನ್ರಿ" ಎಂದಳು.

ಐದನೆಯ ದಿನ ಏನೂ ಆಗಲಿಲ್ಲ. ಅಕ್ಕ ಎಲ್ಲರಿಗಿಂತ ಹೆಚ್ಚು ದುಡಿದಳು. ನೀಲಮ್ಮನವರ ಮುಖ ಸಡಿಲವಾಯಿತು. ನನಗೆ ಮಾತ್ರ ಅಕ್ಕನ ಜಡೆ ಕಾಣುತ್ತಿತ್ತು. ಅದು ನಿನ್ನೆಯದು. ಆರನೆಯ ದಿನ ಹಾಲು ಉಕ್ಕಿ ಒಲೆ ಆರಿತು, ಅಕ್ಕ ಅದರ ಮುಂದೆಯೇ ನಿಂತಿದ್ದಳು. ಮಧ್ಯಾಹ್ನ ಕಮಲಿ ಬಂದು ಮಂಡಕ್ಕಿಗೆ ಕೈ ಒಡ್ಡಿತು, ಒಡ್ಡಿದ ಕೈಯನ್ನು ಅಕ್ಕ ನೋಡಲಿಲ್ಲ. ಮಗು ಸ್ವಲ್ಪ ಹೊತ್ತು ಹಾಗೇ ನಿಂತು ತನ್ನ ಖಾಲಿ ಅಂಗೈಯನ್ನು ತಾನೇ ನೋಡಿಕೊಂಡು ಹೋಯಿತು. ಕೋಣೆಗೆ ಇಣುಕಿದರೆ ಅಕ್ಕ ಬಾಚಣಿಗೆ ಹಿಡಿದು ಕೂತಿದ್ದಳು, ಮುಖ ಗೋಡೆಯ ಕಡೆ. ಇನ್ನು ಎರಡು ದಿನ ಉಳಿದಿತ್ತು. ನಾನು ಮಾಡಬಲ್ಲದ್ದು ಒಂದೇ ಆಗಿತ್ತು, ಅದನ್ನೇ ಮಾಡಿದೆ. ಬಾಗಿಲ ಹಿಂದೆ ನಿಂತು ಅಜ್ಜಿಯ ದನಿ ತೆಗೆದೆ. "ಗೌರೀ, ಏಳವ್ವ. ಹೊತ್ತು ಯಾರನ್ನೂ ಕಾಯಂಗಿಲ್ಲ. ಎಣ್ಣೆ ಕಾಸು." ಅಷ್ಟು ಸರಿಯಾಗಿ ಆ ದನಿ ನನಗೆ ಹಿಂದೆಂದೂ ಬಂದಿರಲಿಲ್ಲ, ಹೇಳುತ್ತಲೇ ನನಗೆ ಅಳು ಬಂದುಬಿಟ್ಟಿತು. ಅಜ್ಜಿಯ ದನಿಯಲ್ಲಿ ಅಳುವುದು ಹೇಗೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಆಕೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ಅದು ನನ್ನದೇ ಅಳುವಾಗಿ ಹೊರಬಂತು.

ಆಮೇಲೆ ಕೋಣೆಯಿಂದ ಅಕ್ಕನ ದನಿ ಬಂತು. "ಒಳಗೆ ಬಾರೋ ಮಂಗ್ಯಾ." ಹೋದೆ. "ನನ್ನಿಂದ ಆತು" ಎಂದೆ. ಆಕೆ, ಹೂಂ ಎಂದಳು. ಅಜ್ಜಿಯ ಕಟ್ಟಳೆಯಂತೆ ಅಷ್ಟೇ, ಬುದ್ಧಿ ಹೇಳಲಿಲ್ಲ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಅಜ್ಜಿ ಹೇಳಿದ್ಲು ಅಂತ ಮಾಡೋದು ಎಷ್ಟು ದಿನ ನಡೀತೈತೆ? ಕಳ್ಳತನ ಮಾಡಿದಂಗೆ ಹೊಳೆದಂಡ್ಯಾಗೆ ಕುಂತ್ರೆ ನೋಡಿದೋರಿಗೆ ಕಳ್ಳತನನೇ ಕಾಣ್ತೈತೆ" ಎಂದಳು.

ಏಳನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಮನೆತುಂಬ ಹರಳೆಣ್ಣೆಯ ವಾಸನೆ. ಅಕ್ಕ ಎಲ್ಲರೆದುರು ಒಲೆಯ ಮೇಲೆ ಸೌಟು ಹಿಡಿದಿದ್ದಳು. ತಲೆ ಬಾಚಿಕೊಂಡಿದ್ದಳು. ಬಟ್ಟಲು ಎತ್ತಿಕೊಂಡು ನಡುಮನೆ ದಾಟಿ, ಕಂಬದಂಥ ಭಾವನನ್ನು ದಾಟಿ, ಹೊಸ್ತಿಲು ದಾಟಿ ಬೀದಿಕಟ್ಟೆಯ ಮೇಲೆ ಬಿಸಿಲಿಗೆ ಕೂತು ಕಾಲು ಚಾಚಿದಳು. ಹಾಲಿನವನು ನಿಂತ. ಎದುರುಮನೆಯ ಕಿಟಕಿ ಒಂದು ಗೇಣು ತೆರೆಯಿತು. ನೀಲಮ್ಮನವರು ಬಾಗಿಲ ಚೌಕಟ್ಟು ಹಿಡಿದು ಬಂದರು.

"ಒಳಗೆ ಬಾ. ಮಂದಿ ನೋಡ್ತಾರೆ."

ಅಕ್ಕ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. "ನೀವು ಮಂಡಿಗೆ ಎಣ್ಣೆ ಹಚ್ತೀರಿ ಅತ್ತೇರೆ. ಯಾರೂ ಏನೂ ಅನ್ನಂಗಿಲ್ಲ. ನನ್ ನೋವು ಇಲ್ಲೈತೆ ಅಂತ ಕೈಯಿಟ್ಟು ತೋರ್ಸಾಕೆ ಬರಂಗಿಲ್ಲ. ಅದಕ್ಕೆ ಕಾಲಿಗೆ ಹಚ್ತೀನಿ."

"ಮಾತಾಡೋದು?"

"ಮಾತಾಡಿದ್ರೆ ಏಳ್ತಾವೆ. ಎರಡು ದಿನ ಬಿಟ್ಟೆ, ನೋಡಿದ್ರಲ್ಲ. ಹಾಲು ಉಕ್ಕಿದ್ದು ನಂಗೆ ಕಾಣ್ಲಿಲ್ಲ. ಕೂಸು ಕೈ ಒಡ್ಡಿದ್ದೂ ಕಾಣ್ಲಿಲ್ಲವಂತೆ." ಅಲ್ಲಿಗೆ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. "ಕಳಿಸ್ತೀನಿ ಅಂದ್ರೆ ಕಳಿಸ್ರಿ. ಇದು ಬಿಟ್ಟು ಇಲ್ಲಿದ್ರೂ ನಾನು ಇದ್ದಂಗಲ್ಲ."

ನೀಲಮ್ಮನವರು ಬೀದಿಯನ್ನು ನೋಡಿದರು. ಹಾಲಿನವನನ್ನು, ಕಿಟಕಿಯನ್ನು, ಆಚೆ ಕೊಡ ಇಳಿಸಿ ನಿಂತ ಇಬ್ಬರನ್ನು. ಊರಿನ ಬಾಯಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಂದಿಗುಡಿಯ ಹೆಣ್ಣಿನ ಮಾತನ್ನು ಎತ್ತಿದವರೇ ಅವರು. ಅವರು ಒಳಗೆ ಹೋಗಿ ಮಗನನ್ನು ಕರೆಯುತ್ತಾರೆ, ಪೆಟ್ಟಿಗೆ ಕಟ್ಟಿಸುತ್ತಾರೆ ಎಂದು ನಾನು ಕಾದೆ. ಅವರು ಕಟ್ಟೆಯ ಅಂಚು ಹಿಡಿದು, ಒಂದು ಮಂಡಿ ಮಡಿಸಿ, ನೋವಿಗೆ ಶಿವ ಶಿವಾ ಎಂದು, ಅಕ್ಕನ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಕೂತರು.

"ಒಬ್ಬಾಕಿ ಕುಂತ್ರೆ ಹುಚ್ಚು ಅಂತಾರೆ" ಎಂದರು, ಬೀದಿಯ ಕಡೆಗೇ ನೋಡುತ್ತ. "ಇಬ್ರು ಕುಂತ್ರೆ ಬಿಸ್ಲು ಕಾಸ್ಕಂತಾರೆ ಅಂತಾರೆ. ಸರಿ, ಕೊಡು ಇತ್ಲಾಗೆ ಆ ಬಟ್ಲು."

ಕಿಟಕಿ ಮುಚ್ಚಿತು. ಹಾಲಿನವನಿಗೆ ತನ್ನ ಹಾಲಿನ ನೆನಪು ಬಂತು. ಕಮಲಿ ಹೊರಗೆ ಓಡಿಬಂದು, ಇಬ್ಬರ ನಡುವಿನ ಆ ಒಂದು ಮೊಳ ಜಾಗದಲ್ಲಿ ಇಕ್ಕಟ್ಟಾಗಿ ತೂರಿ ಕೂತಿತು. ಅದು ಯಾರ ಕಡೆ ಸರಿಯಿತು ಎಂಬುದನ್ನು ನಾನು ನೋಡಲಿಲ್ಲ. ನೋಡಿದರೆ ಮಾಡಿ ತೋರಿಸುವ ಚಪಲ ಬರುತ್ತದೆ ಎಂದು ಹೆದರಿ ಒಳಗೆ ಹೋದೆ. ಮರುದಿನ ಒಬ್ಬನೇ ದಾವಣಗೆರೆಯ ರೈಲು ಹತ್ತಿದೆ. ಅಜ್ಜಿ ಏನಾಯಿತೆಂದು ಕೇಳಿದಾಗ, ಜೀವನದಲ್ಲಿ ಮೊದಲ ಸಲ, ನಡೆದದ್ದನ್ನು ನನ್ನ ದನಿಯಲ್ಲೇ ಹೇಳಿದೆ.

ಅಕ್ಕ ಪೂರ್ತಿ ವಾಸಿಯಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ಎರಡು ಸಲ ಗೋಡೆಯ ಕಡೆ ತಿರುಗಿ ಕೂತಿದ್ದಳು. ಎರಡು ಸಲವೂ ಎದ್ದಳು. ಅಜ್ಜಿ ಹೋದಳು, ಅಪ್ಪ ಹೋದರು. ಮಂಡಿಪೇಟೆಯ ಮನೆ ಗೋದಾಮಾಗಿ, ಐದು ಮೆಟ್ಟಿಲಿದ್ದ ಕಡೆ ಲಾರಿ ಹಿಂದಕ್ಕೆ ಬರುವ ಇಳಿಜಾರು ಎದ್ದಿದೆ. ಹರಿಹರದ ಆ ಬೀದಿ ಅಗಲವಾಗುವಾಗ ಕಟ್ಟೆಗಳೆಲ್ಲ ಒಡೆದುಹೋದವು. ಅಕ್ಕನೂ ಈಗ ಇಲ್ಲ. ದನಿಗಳು ಮಾತ್ರ ನನ್ನಲ್ಲಿವೆ, ಕೇಳುವವರಿಗೆ ಅವರು ಯಾರು ಎಂಬುದೇ ತಿಳಿಯದಿರುವಾಗ ಅಣಕಿಸಿ ಏನು ಮಾಡುವುದು.

ಕಮಲಿ ಒಮ್ಮೆ ಹೇಳಿದಳು. ನೀಲಮ್ಮನವರು ತೀರಿಕೊಂಡ ಮೇಲೆ ಕರ್ಮಗಳೆಲ್ಲ ಮುಗಿದ ಮರುದಿನ, ಅಕ್ಕ ಎಂದಿನಂತೆ ಎಣ್ಣೆ ಬಿಸಿ ಮಾಡಿ ಕಟ್ಟೆಗೆ ಬಂದು ಕೂತಳಂತೆ, ಒಬ್ಬಳೇ. ಕೈ ಬಟ್ಟಲಲ್ಲಿ ಅದ್ದಿ, ಹಾಗೇ ನಿಂತುಬಿಟ್ಟಿತಂತೆ. ಆಗ ಎದುರುಮನೆಯ ಬಾಗಿಲು ತೆರೆದು, ಅಲ್ಲಿಯವರೆಗೆ ಒಂದು ದಿನವೂ ಬೀದಿ ದಾಟಿ ಬರದಿದ್ದ ಆ ಮನೆಯ ಮುದುಕಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಪಕ್ಕದಲ್ಲಿ ಕೂತಳಂತೆ.